ಹನ್ನೊಂದು ದಿನ ಬಾಕಿ

ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಒಂದೇ ಕಂಪ್ಯೂಟರು.
ಅದರ ಹೊಟ್ಟೆಗೆ ಒಂದೇ ದೊಡ್ಡ ತುತ್ತು ಹಿಡಿಸೀತು,
ನಮ್ಮ ಜೇಬಿಗೆ ಒಂದರದೇ ವರ್ಷದ ಬಾಡಿಗೆ.
ಎರಡು ಸಾಫ್ಟ್‌ವೇರನ್ನೂ ಮೂವತ್ತು ದಿನಕ್ಕೆ ಪುಕ್ಕಟೆ ತಂದು
ಸವತಿಯರ ಹಾಗೆ ಒಂದೇ ಪರದೆಯಲ್ಲಿ ಕೂರಿಸಿದೆವು:
ಒಂದು ಕತ್ತರಿಸುವುದು,
ಇನ್ನೊಂದು ಕುಣಿಸುವುದು.

ನಾನು ಕತ್ತರಿಯ ಪಕ್ಷ.
ಆದದ್ದರಲ್ಲಿ ಬೇಕಾದದ್ದು ಆರಿಸುವುದಷ್ಟೇ ಕಸುಬು ಎಂದು
ಹದಿನಾಲ್ಕು ವರ್ಷ ಊರಿನ ಮದುವೆಗಳನ್ನು ಕತ್ತರಿಸಿದವಳು.
ಧಾರೆಗೂ ಊಟದ ಪಂಕ್ತಿಗೂ ನಡುವೆ
ಎಷ್ಟು ಜನರ ಆಕಳಿಕೆ ನನ್ನ ಕಸದ ಬುಟ್ಟಿಗೆ ಬಿತ್ತೋ
ಲೆಕ್ಕ ಇಟ್ಟಿಲ್ಲ.

ದಾದಾಪೀರ ಇಪ್ಪತ್ಮೂರರ ಹುಡುಗ. ಅವನಿಗೆ ಆದದ್ದು ಸಾಲದು.
'ನಿಂತಲ್ಲೇ ನಿಂತ ಅಕ್ಷರ ಯಾರು ನೋಡ್ತಾರಕ್ಕಾ?'
ಒಂದು 'ದ' ತೆಗೆದು ಅದಕ್ಕೆ ಬೆನ್ನುಮೂಳೆ ಕೊಡುತ್ತಾನೆ,
ಅದು ಬಾಗುತ್ತದೆ, ಸೀನುತ್ತದೆ, ಸೀನಿದ ರಭಸಕ್ಕೆ
ತಲೆಕಟ್ಟು ಜಾರಿ ಬಿದ್ದರೆ
ಹೆಕ್ಕಿ, ಧೂಳು ಕೊಡವಿ, ಮತ್ತೆ ಇಟ್ಟುಕೊಳ್ಳುತ್ತದೆ.
ಇಷ್ಟಕ್ಕೆ ಒಂದಿಡೀ ರಾತ್ರಿ, ನಾಲ್ಕು ಚಹಾ, ಎರಡು ಸಲ ಕರೆಂಟು ಹೋಗಿ ಬಂದು.
'ಸುಳ್ಳು ಕಣೋ' ಅಂದೆ.
'ಚಂದ ಐತಲ್ಲ' ಅಂದ.

ಆಗ ಬಂದರು ಭಟ್ಟಿ ಮಾಲೀಕ ಬುಡೇನ್ ಸಾಬರು.
ಟಾಕೀಸಿನಲ್ಲಿ ಇಂಟರ್‌ವಲ್ಲಿಗೆ ಹಾಕಲು ಹದಿನಾರು ಸೆಕೆಂಡು ಬೇಕಂತೆ.
ದಾವಣಗೆರೆಯಲ್ಲಿ ಮಂಡಕ್ಕಿಗೂ ಜಾಹೀರಾತೇ, ನಗು ಬಂತು,
ಮುಂಗಡ ಎಣಿಸಿಕೊಂಡು ನಗು ನುಂಗಿದೆ.
'ಒಂದೊಂದು ಕಾಳೂ ನಾನೇ ಅರಳಿಸ್ತೀನಿ' ಅಂದ ದಾದಾಪೀರ.
ನಾನು ಕೇಳಲಿಲ್ಲ. ಕ್ಯಾಮೆರಾ ಹೆಗಲಿಗೇರಿಸಿ
ಬೆಳಗಿನ ಜಾವ ನಾಲ್ಕಕ್ಕೇ ಭಟ್ಟಿ ಸಾಲಿಗೆ ನಡೆದೆ.

ಕಾದ ಮರಳು. ಉಪ್ಪುನೀರುಂಡ ಅಕ್ಕಿ. ಜರಡಿ ಹಿಡಿದ ಜೈತುನ್‌ಬಿ.
ಒಂದು ಹಿಡಿ ಸುರಿದಳು, ಚಟಪಟ ಚಟಪಟ,
ಕಪ್ಪು ಬಾಣಲೆಯಲ್ಲಿ ನಮಗಿಂತ ಮೊದಲೇ ಬೆಳಗಾಯಿತು,
ಯಾವ ಸಾಫ್ಟ್‌ವೇರಿನ ಹಂಗೂ ಇಲ್ಲದೆ.
ನೋಡೋ ಹುಡುಗಾ, ಎಂದು ಒಳಗೇ ಬೀಗಿದೆ,
ಆದದ್ದೇ ಸಾಕು.

ನಲವತ್ತೊಂದು ನಿಮಿಷ ಹಿಡಿದು ತಂದೆ.
ಬುಡೇನ್ ಸಾಬರು ಕುರ್ಚಿ ಎಳೆದು ಕೂತರು.
'ಈ ಹೊಗೆ ಬ್ಯಾಡ.' ತೆಗೆದೆ.
'ಮಸಿ ಗ್ವಾಡಿ ಯಾಕೆ?' ತೆಗೆದೆ.
'ಅಯ್ಯ, ಈಕಿ ಕೆಮ್ತಾಳಲ್ಲ, ತಿನ್ನೋ ವಸ್ತು ತಾಯಿ ಇದು.'
ತೆಗೆದೆ. ಒಂದು ಗುಂಡಿ ಒತ್ತಿದರಾಯಿತು. ನೋವೇ ಇಲ್ಲ.
ಎರಡು ಕೈ, ಒಂದು ಜರಡಿ, ಬೆಳ್ಳನೆಯ ಅರಳು ಉಳಿದವು.
ಕೈ ಯಾರದೆಂದು ಕೇಳುವ ಹಾಗೇ ಇರಲಿಲ್ಲ.
ಬೆನ್ನ ಹಿಂದೆ ನಿಂತಿದ್ದ ದಾದಾಪೀರ
'ಸುಳ್ಳು' ಅನ್ನಲಿಲ್ಲ.
ಚಹಾ ಲೋಟ ಮೇಜಿನ ಮೇಲಿಟ್ಟ, ತುಸು ಜೋರಾಗಿ, ಅಷ್ಟೆ.

ರಾತ್ರಿ ಅವನ ಪಾಳಿ. ಹೆಸರು ಕುಣಿಸಬೇಕಿತ್ತು.
ಚಿತ್ರ ಕತ್ತರಿಸಿದವಳು ಅದರಡಿಯ ಸದ್ದಿನ ಪಟ್ಟಿ ಮರೆತಿದ್ದೆ.
ನಿದ್ದೆಗಣ್ಣು ಅನ್ನುತ್ತೇನೆ, ಕೇಳಿದರೆ.
ಚಟಪಟದ ನಡುವೆ ಒಂದು ಒಣ ಕೆಮ್ಮು.
ಅವನು ಅಳಿಸಬಹುದಿತ್ತು,
ಅಳೆದ.
ಫ್ರೇಮು ಎಣಿಸಿ ಎಣಿಸಿ, ಆ ಕೆಮ್ಮು ಹೊರಟ ಗಳಿಗೆಗೆ ಸರಿಯಾಗಿ
'ಮಂಡಕ್ಕಿ'ಯ ಸೊನ್ನೆಯನ್ನು
ಟಪ್ಪೆಂದು ಅರಳಿಸಿದ.

ಟಾಕೀಸಿನಲ್ಲಿ ಯಾರಿಗೂ ತಿಳಿಯಲಿಲ್ಲ.
ಬುಡೇನ್ ಸಾಬರಂತೂ ಆ ಸದ್ದಿಗೇ ಚಪ್ಪಾಳೆ ತಟ್ಟಿದರು.
ಮುಂದಿನ ಸಾಲಲ್ಲಿ ಮಗಳ ಜೊತೆ ಕೂತಿದ್ದ ಜೈತುನ್‌ಬಿ ಮಾತ್ರ
ಸೊನ್ನೆ ಅರಳಿದ ಕೂಡಲೇ
ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇನ್ನು ಹನ್ನೊಂದು ದಿನ ಬಾಕಿ ಎನ್ನುತ್ತಿದೆ ಪರದೆ.
ಎರಡರಲ್ಲಿ ಯಾವುದು ಎಂದು ಅವನು ಕೇಳಿಲ್ಲ, ನಾನೂ ಎತ್ತಿಲ್ಲ.
ಇವತ್ತೊಂದು ಸೀಮಂತದ ಕೆಲಸ. ಆರತಿಯ ಹಿಂದೆ
ಮೂಲೆಯಲ್ಲೊಬ್ಬ ಅಜ್ಜಿ ಬಾಯಗಲಿಸಿ ಆಕಳಿಸುತ್ತಾಳೆ.
ಗುಂಡಿಯ ಮೇಲೆ ಬೆರಳಿಟ್ಟೆ.
ಕರೆಂಟು ಹೋಯಿತು.