ಇಪ್ಪತ್ತೊಂದು ದಿನ

ಹಳದಿ ಕಾಗದ, ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ,
ಬಿಗಿಯಲು ಎರಡು ಪಟ್ಟಿ, ಇಷ್ಟೇ ನನ್ನ ಸರಂಜಾಮು.
ಸ್ಕೆಲ್‌ಥ್ವೇಟ್ ಪುರಸಭೆಯ ಪರವಾಗಿ
ದೀಪದ ಕಂಬಗಳಿಗೆ ಸುದ್ದಿ ಕಟ್ಟುವವನು ನಾನು.

ಹದಿನಾಲ್ಕನೇ ಮನೆ, ಟ್ಯಾನರ್ ಬೀದಿ. ಅಟ್ಟಕ್ಕೊಂದು ಕಿಟಕಿ.
ತಕರಾರಿದ್ದರೆ ಇಪ್ಪತ್ತೊಂದು ದಿನದೊಳಗೆ.
ಮೊದಲು ಓದಿದ್ದು ನಾಯಿಗಳು, ಕಾಲೆತ್ತಿ.
ಆಮೇಲೆ ಮಳೆ. ಮಳೆಗೆ ಅಕ್ಷರ ಬಾರದು,
ಆದರೂ ಸಾಲುಸಾಲಿಗೂ ಬೆರಳಿಟ್ಟು ಓದುತ್ತದೆ.
ಹನ್ನೊಂದನೇ ದಿನ ಹಿಂದಿನ ಸಾಲಿನ ವಿನಿಫ್ರೆಡ್ ಥ್ರೆಲ್‌ಕೆಲ್ಡ್,
ಕಂಕುಳಲ್ಲಿ ಹಾಲಿನ ಬಾಟಲಿ, ಹಣೆಯ ಮೇಲೆ ಕನ್ನಡಕ,
ಓದಿ ಮುಗಿಸಿ ಕಂಬವನ್ನೇ ಗದರಿಸಿದಳು.

ಕಚೇರಿಗೆ ಕಾಗದ ಬಂತು. ನೀಲಿ ಶಾಯಿ, ನಾಲ್ಕು ಪುಟ.
"ಆ ಕಿಟಕಿಯಿಂದ ನನ್ನ ಹಿತ್ತಲು ಕಾಣುತ್ತದೆ,
ನನಗೆ ಹ್ಯಾರಕ್ ಗುಡ್ಡ ಕಾಣುವುದಿಲ್ಲ.
ಸಂಜೆ ಐದಕ್ಕೆ ಅದರ ನೆತ್ತಿಗೊಂದು ಬೆಳಕು ಬೀಳುತ್ತದೆ.
ನೀವು ನೋಡಿರಲಾರಿರಿ."
ಅಧಿಕಾರಿ ಓಲ್ಡ್‌ರಾಯ್ಡ್ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ:
ನೋಟ, ಗಣನೆಗೆ ಬಾರದು.
ಬೆಳಕು, ಬರುತ್ತದೆ.
ಗುಡ್ಡದ ಮೇಲಿನ ಬೆಳಕು, ಬಾರದು.

ಸ್ಥಳ ತನಿಖೆಗೆ ಮಿನಿಬಸ್ಸಿನಲ್ಲಿ ಒಂಬತ್ತು ಸದಸ್ಯರು.
ಅವಳ ಅಡುಗೆಮನೆ ಕಿಟಕಿಯಿಂದ ನಲವತ್ತೈದು ಡಿಗ್ರಿಗೆ
ಗೆರೆ ಎಳೆದು ನೋಡಿದರು: ಬಿಸಿಲು ಪಾಸು.
ಹೊರಡುವಾಗ ಯಾರೋ ಕೇಳಿದರು, "ಅದೇನಮ್ಮಾ?"
"ಪಾರಿವಾಳದ ಗೂಡು. ನಮ್ಮವರು ಕಟ್ಟಿದ್ದು."
ಗೂಡಂತೆ! ಹನ್ನೆರಡಡಿ ಉದ್ದ, ತಗಡಿನ ಮಾಡು,
ಅರ್ಜಿಯಿಲ್ಲ, ನಕ್ಷೆಯಿಲ್ಲ, ಮೊಹರಿಲ್ಲ.
ಒಂಬತ್ತು ಕೊಡೆಗಳೂ ಒಟ್ಟಿಗೆ ಅತ್ತ ತಿರುಗಿದವು.
ತನ್ನ ಮೈಮೇಲೆ ತಾನೇ ಇರುವೆ ಬಿಟ್ಟುಕೊಂಡಳಲ್ಲ, ಪಾಪ.

ಹಾಗೆಂದು ಕಾನೂನಿಗೂ ಮರೆವಿದೆ.
ಹತ್ತು ವರ್ಷ ಯಾರೂ ಕೇಳದಿದ್ದರೆ ಮುಂದೆ ಕೇಳುವಂತಿಲ್ಲ,
ಅಕ್ರಮ ಕುಳಿತಲ್ಲೇ ಸಕ್ರಮ.
ಪುರಾವೆ ಬೇಕು, ಅಷ್ಟೇ.

ಸಭೆಯಲ್ಲಿ ತಲೆಗೆ ಮೂರು ನಿಮಿಷ.
ಹದಿನಾಲ್ಕನೇ ಮನೆಯ ಲಾಯ್ಡನ್ ಒಂದರಲ್ಲೇ ಮುಗಿಸಿದ:
"ಏಪ್ರಿಲ್‌ಗೆ ಮಗು. ತೊಟ್ಟಿಲಿನಿಂದ ಗುಡ್ಡ ಕಾಣಲಿ ಅಂತ."
ವಿನಿಫ್ರೆಡ್ ಗಂಡನ ನೋಟುಬುಕ್ಕು ತೆಗೆದಳು.
"ಎಂಬತ್ತೇಳು, ಜೂನ್ ಆರು. ಒಂಟಿಗಣ್ಣಿ ಮರಳಿದ್ದು ನಾಲ್ಕು ಐವತ್ತೆರಡಕ್ಕೆ.
ಜೂನ್ ಇಪ್ಪತ್ತು. ಬೂದಿಬಾಲದವನು ಐದು ಗಂಟೆ ಮೂರು ನಿಮಿಷ, ಗುಡ್ಡದ ಎಡಗಡೆಯಿಂದ.
ಜುಲೈ ನಾಲ್ಕು. ಕರಿಯ ಬರಲಿಲ್ಲ. ಕತ್ತಲಾಗುವವರೆಗೆ ಗುಡ್ಡ ನೋಡಿದೆ.
ಜುಲೈ ಐದು. ಕರಿಯ…"
ಗಂಟೆ ಬಾರಿಸಿತು.
ಅಧ್ಯಕ್ಷೆ ಗಡಿಯಾರ ನೋಡಲಿಲ್ಲ. "ಕರಿಯ ಬಂತೇ?"
ನಡಾವಳಿಯಲ್ಲಿ ಈ ಪ್ರಶ್ನೆ ದಾಖಲಾಗಿಲ್ಲ.

ಗೂಡು ಸಕ್ರಮ. ಕಿಟಕಿ ಮಂಜೂರು, ಒಂದು ಷರತ್ತು:
ಹಿತ್ತಲ ಗೌಪ್ಯಕ್ಕಾಗಿ ಮಬ್ಬು ಗಾಜು, ತೆರೆಯುವಂತಿಲ್ಲ.
ಈಗ ಅವಳಿಗೂ ಗುಡ್ಡ ಕಾಣದು, ತೊಟ್ಟಿಲಿಗೂ ಕಾಣದು.

ಕತ್ತರಿ ಹಿಡಿದು ನೋಟೀಸು ಇಳಿಸಲು ಹೋದೆ.
ಖಾಲಿ ಕಂಬದ ಫೋಟೋ ಕಡತಕ್ಕೆ ಬೇಕು, ನಿಯಮ.
ತೆಗೆದೆ. ಹಿಂದೆ ಹೊಸ ಕಿಟಕಿ, ಅದರ ಹೊಸ್ತಿಲ ಮೇಲೆ
ಯಾರನ್ನೂ ಕೇಳದೆ ಕೂತ ಒಂದು ಪಾರಿವಾಳ.
ಗುಡ್ಡದ ಕಡೆಗೇ ಅದರ ಮುಖ.