ಪಠ್ಯದಲ್ಲಿಲ್ಲದ ಪದ್ಯ, ಐದು ಅಂಕ

ಬೋರಾ ಬಜಾರಿನ ಮೂರನೇ ಮಾಳಿಗೆ, ರಾತ್ರಿ ಎಂಟು.
ಹಗಲಿನ ಗುಜರಾತಿ ಶಾಲೆ ಬಿಟ್ಟುಹೋದ ಲೆಕ್ಕ
ಇನ್ನೂ ಹಲಗೆಯ ಮೇಲೆ.
ಒರೆಸಿದೆ. ಅರ್ಧ ಅಳಿಯಿತು.
ಉಳಿದರ್ಧದ ಮೇಲೆಯೇ ಬರೆದೆ,
ಯಾರದೆಂದು ಹೇಳದೆ:

    ಗಿಳಿಗೂಟಕ್ಕೆ ನೇತುಬಿದ್ದ ಅಂಗಿ
    ರಾತ್ರಿಯೆಲ್ಲ ಮಾತಾಡಿತು;
    ಬೆಳಗಾಗ ಅದ ತೊಟ್ಟವನು
    ಮೂಕನಾಗಿ ಹೊರಟ.

ಪರೀಕ್ಷೆಗೆ ಇಪ್ಪತ್ತೊಂದು ದಿನ.
ಏಳು ಮಂದಿ, ಐದು ಬೆಂಚು,
ಬೀಸಿದರೂ ಬೀಸದ ಒಂದು ಫ್ಯಾನು.

ಮೊದಲು ಕೈಯೆತ್ತಿದ್ದು ನೋಣಯ್ಯ, ಯಾವಾಗಲೂ ಅವನೇ:
"ಇಲ್ಲಿ ಕವಿ ಪ್ರಕೃತಿಯ ಸೌಂದರ್ಯವನ್ನು
ಮನೋಜ್ಞವಾಗಿ ವರ್ಣಿಸಿದ್ದಾರೆ."
ಎಲ್ಲಿದೆ ಮಾರಾಯ ಪ್ರಕೃತಿ?
"ಗಿಳಿ ಉಂಟಲ್ಲ ಸಾರ್."

ನಾನು ನಗಲಿಲ್ಲ.
ಗೈಡು ಕೊಂಡದ್ದು ಅವನು ಟಿಪ್ಸಿನ ಚಿಲ್ಲರೆಯಲ್ಲಿ,
ಫುಟ್‌ಪಾತಿನ ಹಳೆಯದು,
ಬೇರೆ ಯಾರೋ ಗೆರೆ ಎಳೆದು ಪಾಸಾದದ್ದು.

ನಿನ್ನ ಹೋಟೆಲಿಗೆ, ಎಂದೆ,
ಗುರುತಿಲ್ಲದ ಗಿರಾಕಿ ಬಂದರೆ
ಬಾಗಿಲಲ್ಲೇ ತಡೆದು ಕೇಳುತ್ತೀಯ,
ಸ್ವಾಮೀ, ತಮ್ಮ ಆಶಯವೇನು?
ನೀರಿಡುತ್ತೀಯ ಮೊದಲು.
ಕುರ್ಚಿ ಎಳೆದ ಸದ್ದಿಗೇ ತಿಳಿಯುತ್ತದೆ ನಿನಗೆ
ಹಸಿದವನೋ, ಹೊತ್ತು ಕಳೆಯಲು ಬಂದವನೋ,
ಇನ್ನು ಬಾರದ ಯಾರಿಗೋ ಕಾಯುವವನೋ.
ಹಾಗೆ.
ಎರಡು ಸಲ ಓದು, ತುಟಿ ಅಲ್ಲಾಡಲಿ.
ಗೊತ್ತಿಲ್ಲದ ಶಬ್ದ ಬಂದರೆ
ಪಕ್ಕದ ಶಬ್ದವನ್ನು ವಿಚಾರಿಸು,
ಗಲ್ಲಿಯ ಬಾಯಲ್ಲಿ ವಿಳಾಸ ಕೇಳಿದಂತೆ.
ಪೆನ್ನು ಆಮೇಲೆ.

ಹುಲಿಗೆಮ್ಮ ಅಲ್ಲಿಯ ತನಕ ಸುಮ್ಮನಿದ್ದಳು.
ಕೊಲಾಬಾದಲ್ಲಿ ನಾಲ್ಕು ಮನೆಯ ಬಟ್ಟೆ ಒಗೆದು,
ಕೆಲಸದವರಿಗೆ ಲಿಫ್ಟಿಲ್ಲದ ಕಟ್ಟಡ ಇಳಿದು ಬಂದವಳು.
ಬೆರಳ ತುದಿ ಬೆಳ್ಳಗೆ ನಿರಿಗೆಗಟ್ಟಿತ್ತು.
"ಸರ,
ಆ ಅಂಗಿ ಹಸಿ ಇತ್ತೋ, ಒಣಗಿತ್ತೋ?"

ಯಾಕಮ್ಮ?

"ಹಸಿ ಅಂಗಿ ಗ್ವಾಡಿಗೆ ಹಾಕಿದ್ರ
ರಾತ್ರೆಲ್ಲಾ ತಪ್ ತಪ್ ಅಂತೈತ್ರಿ.
ಅದ ಮಾತು.
ಒಂದ ಅಂಗಿ ಇದ್ದಾಂವ ಅಂವ.
ಹಸೀದ ತೊಟ್ಕೊಂಡು ಹೋಗ್ಯಾನ.
ಏನ್ ಮಾತಾಡ್ತಾನ್ರಿ, ಚಳಿ."

ಕೆಳಗೆ ಯಾರೋ ಕೈಗಾಡಿ ಎಳೆಯುತ್ತಿದ್ದರು.
ಹದಿನೆಂಟು ವರ್ಷ ಕಲಿಸಿದ್ದೇನೆ ಇದೇ ನಾಲ್ಕು ಸಾಲು.
ಏಕಾಂತ, ಎಂದಿದ್ದೆ. ಪರಕೀಯತೆ,
ನಗರದ ಒಡೆದ ಮನಸ್ಸು ಎಂದಿದ್ದೆ.
ಒಣಗಿದ ಅಂಗಿಯನ್ನೇ ಕಲಿಸಿದ್ದೆ.

"ಇದನ್ನ ಬರೀಲೇನ್ರಿ ಪೇಪರದಾಗ?"

ತಿದ್ದುವವರ ಕೈಯಲ್ಲಿ ಮಾದರಿ ಉತ್ತರವಿರುತ್ತದೆ.
ಐದಕ್ಕೆ ಎರಡು ಕೊಟ್ಟಾರು, ಒಂದೂವರೆ ಕೊಟ್ಟಾರು.
ಬರಿ, ಎಂದೆ.
ಸೊನ್ನೆಯೂ ಬರಬಹುದು ಎನ್ನುವುದನ್ನು
ಹೇಳಬೇಕಿತ್ತು, ಹೇಳಲಿಲ್ಲ.

ಹತ್ತಕ್ಕೆ ದೀಪ ಆರಿಸಿ ಮೆಟ್ಟಿಲಿಳಿಯುವಾಗ
ಕತ್ತಲಲ್ಲಿ ನನ್ನ ಹಿಂದೆಯೇ ನೋಣಯ್ಯ:
"ಹಾಗಾದರೆ ಸಾರ್,
ಗಿಳಿ ಇಲ್ಲವೇ ಇಲ್ಲವಾ?"

ಇದ್ದರೂ ಇದ್ದೀತು.
ಇನ್ನೊಂದು ಸಲ ಓದು.