ಹನ್ನೊಂದನೇ ರೂಮಿನ ಚಾದರ

ಮೊದಲೇ ಹೇಳಿಬಿಡುತ್ತೇನೆ,
ನಾಯಿಯೆಂದರೆ ನನಗೆ ಇವತ್ತಿಗೂ ಭಯ.
ಏಳನೇ ವರ್ಷಕ್ಕೆ ಕೋಡಿಬಾಗದ ಓಣಿಯಲ್ಲಿ
ಮೀನಖಂಡಕ್ಕೆ ಹಲ್ಲಿಟ್ಟಿತ್ತು ಒಂದು;
ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ.
ಆಸ್ಪತ್ರೆಯ ಆ ಮರದ ಬೆಂಚು
ನನ್ನ ಹೊಟ್ಟೆಯೊಳಗೆ ಇನ್ನೂ ಹಾಗೇ ಇದೆ.

ಕಾರವಾರ ಬಸ್ ಸ್ಟ್ಯಾಂಡಿನ ಹಿಂದಿನ ಲಾಡ್ಜಿನಲ್ಲಿ
ನಾನು ಹಾಸಿಗೆ ಬಟ್ಟೆಯ ಲೆಕ್ಕದವಳು.
ಇಪ್ಪತ್ತಾರು ರೂಮು, ಎಂಬತ್ತು ಚಾದರ.
ಬಂದರಿನ ಲಾರಿಯವರು, ಕೈಗಾ ಕಡೆಯ ಕಂತ್ರಾಟಿನವರು,
ಕೋರ್ಟಿಗೆ ಬಂದು ಮುಂದಿನ ತಾರೀಕು ಹಿಡಿದು ಮರಳುವವರು,
ಯಾರು ಹೇಗೆ ಮಲಗಿದರೆಂದು
ಮುಖ ನೋಡದೆ ಹೇಳಬಲ್ಲೆ.
ಬೀಡಿ ಸುಟ್ಟ ತೂತು, ಸಾರಿನ ಕಲೆ,
ಅತ್ತವರ ದಿಂಬಿನದು ಬೇರೆಯೇ ಗಡಸು.
ಹರಿದದ್ದನ್ನು ‘ರದ್ದಿ’ ಎಂದು ಬರೆದು ಮೂಲೆಗೆ ಒಟ್ಟುವುದು.

ಆಗ್ನೆಲ್ ಬಂದದ್ದು ಜುಲೈಯಲ್ಲಿ.
ಐಸ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು
ಬೆರಳ ತುದಿ ಸತ್ತುಹೋದ ಮನುಷ್ಯ.
ಬೈತಖೋಲದ ಏರಿನ ಮೇಲೆ ಅವನ ತಗಡಿನ ಶೆಡ್ಡು,
ಅದರೊಳಗೆ ನಲವತ್ತಮೂರು ನಾಯಿ.
“ದುಡ್ಡು ಬೇಡ ಬಾಯೇ,” ಅಂದ,
“ನೆಲ ಒದ್ದೆ. ಹಾಸಲಿಕ್ಕೆ ಏನಾದರೂ ಇದ್ದರೆ...”

ಇಲ್ಲ ಅನ್ನಬೇಕೆಂದೇ ಬಾಯಿ ತೆರೆದೆ.
ಹನ್ನೊಂದನೇ ರೂಮಿನ ಚಾದರ ಕೈಯಲ್ಲಿತ್ತು,
ನಟ್ಟನಡುವೆ ಸೀಳಿದ್ದು,
ಅಂಚಿನಲ್ಲಿ ಲಾಡ್ಜಿನ ನೀಲಿ ಮುದ್ರೆ.

ಮಾಲೀಕರು ಕನ್ನಡಕ ಇಳಿಸಿ ನೋಡಿದರು:
“ರದ್ದಿ ಅಂದಮೇಲೆ ರದ್ದಿ.
ಆದರೆ ಮುದ್ರೆ ಕತ್ತರಿಸಿ ಕೊಡು,
ನಾಯಿಗಳೂ ನಮ್ಮ ಗಿರಾಕಿ ಅಂದಾರು ಜನ.”
ನಾನು ಕತ್ತರಿಸಲಿಲ್ಲ.

ಹೀಗೆ ಶುರು. ಮಂಗಳವಾರಕ್ಕೊಂದು ಗಂಟು.
ಒಗೆದು, ಒಣಗದಿದ್ದರೆ ಇಸ್ತ್ರಿ ಒತ್ತಿ,
ಗೇಟಿನ ತನಕ. ಒಳಗೆ ಒಂದು ಹೆಜ್ಜೆಯೂ ಇಲ್ಲ.
ಬಾ ಎಂದು ಆಗ್ನೆಲ್ ಕರೆಯಲೂ ಇಲ್ಲ;
ಅದು ಅವನ ದೊಡ್ಡತನ.

ಗೇಟಿನಾಚೆ ನಿಂತೇ ತಿಳಿದದ್ದು ಕೆಲವು:
ಮೀನುಪೇಟೆಯಲ್ಲಿ ಒಂದು ರೂಪಾಯಿ ಬಿಡದ ಶೇವಂತಿ ಹರಿಕಂತ್ರ
ಉಳಿದ ಬಂಗಡೆ ಬೇಯಿಸಿ, ಮುಳ್ಳು ಆಯ್ದು,
ಮುಚ್ಚಿದ ಡಬ್ಬಿಯಲ್ಲಿ ಕಳಿಸುತ್ತಾಳೆ.
ಅಂಕೋಲೆ ಬಸ್ಸಿನ ಗುನಗಿ ಕಂಡಕ್ಟರ್
ಔಷಧಿಯ ಪೊಟ್ಟಣಕ್ಕೆ ಕಿಟಕಿ ಸೀಟು ಕೊಡುತ್ತಾನೆ,
ಟಿಕೆಟ್ ಹರಿಯುವುದಿಲ್ಲ.
ಎಂಟನೇ ಕ್ಲಾಸಿನ ಹುಡುಗನೊಬ್ಬ ಶನಿವಾರ ಬಂದು
ಉಣ್ಣಿ ಆರಿಸಿ, ಎಣಿಸಿ, ಗೋಡೆಗೆ ಬರೆಯುತ್ತಾನೆ.
ಕಳೆದ ವಾರ ಇನ್ನೂರ ಹನ್ನೆರಡು.
ಹೈವೇ ಕೆಲಸದವರು ಬಿಸಾಕಿದ ಹೊಳೆಯುವ ಜಾಕೀಟನ್ನು
ಟೇಲರ್ ಮಾಬಳು ಕೊರಳಪಟ್ಟಿ ಮಾಡಿ ಹೊಲಿದ.
ಈಗ ಕಾಳಿ ಸೇತುವೆಯ ಕಡೆ, ಲಾರಿಯ ಬೆಳಕಿಗೆ,
ಕತ್ತಲಲ್ಲಿ ಕೊರಳಷ್ಟೇ ಮಿಂಚುತ್ತದೆ,
ಬ್ರೇಕು ಬೀಳುತ್ತದೆ.
ಕೆಲವು ಸಲ.

ಕೆಲವು ಸಲ ಬೀಳುವುದಿಲ್ಲ.
ಆ ದಿನ ಆಗ್ನೆಲ್ ತಾನೇ ಲಾಡ್ಜಿಗೆ ಬಂದು
“ಒಂದು ಇಡೀ ಚಾದರ ಇದೆಯೇ, ಹರಿಯದ್ದು?” ಅಂದ.
ಯಾಕೆಂದು ಕೇಳಲಿಲ್ಲ.
ಆ ತಿಂಗಳ ಲೆಕ್ಕದಲ್ಲಿ ಒಂದು ಕಮ್ಮಿ.
ಸಂಬಳದಲ್ಲಿ ಹಿಡಿದುಕೊಳ್ಳಿ ಅಂದೆ;
ಮಾಲೀಕರು ಹಿಡಿದರು ಕೂಡ.

ಕಳೆದ ಮಂಗಳವಾರದ ಮಾತು.
ಗಂಟು ತೂರಿಸಲು ಬಾಗಿದಾಗ
ಸರಳುಗಳ ನಡುವೆ ಒಂದು ಮೂಗು ಬಂತು,
ಕಿವಿಯ ತುದಿ ಕತ್ತರಿಸಿದ ಕಂದು ನಾಯಿಯದು.
ಬೊಗಳಲಿಲ್ಲ. ನನ್ನ ಮುಂಗೈ ಮೂಸಿತು.
ಮತ್ತೊಂದು ಬಂತು, ಇನ್ನೊಂದು,
ತಗಡಿಗೆ ಮೂರು ಬಾಲ ಬಡಿಯುವ ಸದ್ದು.
“ಗುರುತು ಹಿಡಿದವು,” ಅಂದ ಆಗ್ನೆಲ್.
“ನನ್ನನ್ನು ನೋಡಿಯೇ ಇಲ್ಲವಲ್ಲ ಇವು!”
“ನೋಡುವುದೇನು? ಆರು ತಿಂಗಳಿಂದ
ನಿಮ್ಮ ಸೋಪಿನ, ನಿಮ್ಮ ಕೈಯ ವಾಸನೆಯಲ್ಲೇ ಮಲಗಿವೆ.”

ಒಳಗೆ ಹೋದೆ ಎಂದು ಸುಳ್ಳು ಹೇಳಲಾರೆ.
ಹೊಕ್ಕುಳ ಸುತ್ತ ಹದಿನಾಲ್ಕೂ ಒಮ್ಮೆಗೇ ಚುಚ್ಚಿದವು.
ಕೈ ಮಾತ್ರ ಅಲ್ಲೇ ಬಿಟ್ಟೆ,
ಒಂದು, ಎರಡು, ಮೂರು ಎಣಿಸುವ ತನಕ
(ಎಣಿಸುವುದೊಂದೇ ನನಗೆ ಬರುವ ಕೆಲಸ),
ಆಮೇಲೆ ಹಿಂತೆಗೆದು ಸೆರಗಿಗೆ ಒರೆಸಿಕೊಂಡೆ.

ಶೆಡ್ಡಿನ ಮೂಲೆಯಲ್ಲಿ ಮುದಿ ನಾಯಿಯೊಂದು
ನೀಲಿ ಮುದ್ರೆಯ ಮೇಲೆ ಗದ್ದವಿಟ್ಟು ನಿದ್ದೆಹೋಗಿತ್ತು.
ರೂಮು ಖಾಲಿ ಮಾಡುವ ಹೊತ್ತಾಯಿತೆಂದು
ಅಲ್ಲಿ ಬಾಗಿಲು ಬಡಿಯುವವರು
ಯಾರೂ ಇಲ್ಲ.